ಟಚ್ ಸ್ಕ್ರೀನ್ ಫೋನು: ತಗೊಳ್ಳೋದಾ, ಬೇಡ್ವಾ?

ದೀಪಾವಳಿ ಮುಗಿಯಿತು. ಇನ್ನು ಹತ್ತು ದಿನಕ್ಕೆ, ಅಂದರೆ ನವೆಂಬರ್ 25ಕ್ಕೆ, ಇಲ್ಲಿ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಅದರ ಮಾರನೇ ದಿನ ಬ್ಲ್ಯಾಕ್ ಫ್ರೈಡೇ. ಚಳಿಯಲ್ಲಿ ನಡುಗುತ್ತಾ ಬೆಳಗಿನ ಜಾವಕ್ಕೇ ಅಂಗಡಿ ಮುಂದೆ ಸಾಲು ನಿಲ್ಲುವ ದಿನ. ಭಾನುವಾರದ ಪೇಪರಿನೊಳಗೆ ಸೇರಿಸಿ ಕಳಿಸುವ ಜಾಹೀರಾತಿನ ಕಟ್ಟು ಈಗ ಪೇಪರಿಗಿಂತ ದಪ್ಪ. ಈ ವರ್ಷ, 2010ರಲ್ಲಿ, ಅದರ ಯಾವ ಪುಟ ತೆಗೆದರೂ ಬೆರಳಿನಲ್ಲಿ ಸವರುವ ಫೋನುಗಳೇ. ‘ಒಂದು ಕೊಂಡರೆ ಇನ್ನೊಂದು ಉಚಿತ’, ‘ಫೋನು ಪೂರ್ತಿ ಫ್ರೀ’ ಅಂತೆಲ್ಲ ದಪ್ಪ ಅಕ್ಷರದಲ್ಲಿ ಇರುತ್ತದೆ. ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಏನೇನೋ ಇರುತ್ತದೆ. ನಾನು ಈ ಲೇಖನ ಬರೆಯಲು ಕೂತಿದ್ದು ಆ ಸಣ್ಣ ಅಕ್ಷರಗಳ ಸಲುವಾಗಿ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಮೊನ್ನೆ ಕನ್ನಡದವರೆಲ್ಲ ಸೇರಿ ಮಾಡಿದ ದೀಪಾವಳಿ ಊಟಕ್ಕೆ ಹೋಗಿದ್ದಾಗ ಎಣಿಸಿದೆ. ನಮ್ಮ ಸಾಲಿನಲ್ಲಿ ಕೂತ ಹನ್ನೊಂದು ಜನರಲ್ಲಿ ಏಳು ಜನರ ಕೈಯಲ್ಲಿ ಟಚ್ ಸ್ಕ್ರೀನ್. ಒಬ್ಬರು ಹೋಳಿಗೆ ಫೋಟೋ ತೆಗೆದು ಅಲ್ಲೇ ಫೇಸ್‌ಬುಕ್ಕಿಗೆ ಹಾಕಿದರು. ಇನ್ನೊಬ್ಬರ ಮಗು ಅಳುತ್ತಿತ್ತು, ಫೋನು ಕೊಟ್ಟರು, ಮಗು ಗಪ್‌ಚಿಪ್. ನನ್ನ ಬ್ಯಾಗಿನಲ್ಲಿದ್ದದ್ದು ಮೂರು ವರ್ಷ ಹಳೆಯ, ಮಡಚುವ ಪುಟ್ಟ ಪ್ರೀಪೇಯ್ಡ್ ಫೋನು. ಪಕ್ಕದಲ್ಲಿ ಕೂತಿದ್ದ ಹಾಸನದ ಹುಡುಗಿ, ‘ಅಕ್ಕಾ, ನೀವಿನ್ನೂ ಇದನ್ನೇ ಇಟ್ಕೊಂಡಿದೀರಾ?’ ಅಂದಳು. ಅವಳು ಕೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ನನಗೆ ಅದು ಬೇಕಾ? ಬೇಕು ಅಂದರೆ ಯಾವುದು? ಎಷ್ಟಕ್ಕೆ?

ಬೆಲೆ ಚೀಟಿಯಲ್ಲಿ ಇಲ್ಲದ ಬೆಲೆ

ಐಫೋನು ಮೊದಲು ಇಲ್ಲಿ ಮಾರಾಟಕ್ಕೆ ಬಂದದ್ದು 2007ರ ಜೂನ್ ಕೊನೆಗೆ. ಆಗ 4 ಜಿಬಿಗೆ 499 ಡಾಲರ್, 8 ಜಿಬಿಗೆ 599. ಎರಡೇ ತಿಂಗಳು ಕಳೆಯುವಷ್ಟರಲ್ಲಿ 8 ಜಿಬಿಯದಕ್ಕೆ 200 ಡಾಲರ್ ಇಳಿಸಿದರು. 2008ರಲ್ಲಿ ಐಫೋನ್ 3ಜಿ ಬಂದಾಗ ಬೆಲೆ 199 ಆಯಿತು. ಈ ಜೂನ್‌ನಲ್ಲಿ ಬಂದ ಐಫೋನ್ 4ಕ್ಕೂ 199ರಿಂದಲೇ ಶುರು. ‘ನೋಡ್ರೀ, ಎಷ್ಟು ಅಗ್ಗ ಆಗಿಬಿಟ್ಟಿದೆ!’ ಅಂತ ನಮಗೆಲ್ಲ ಅನ್ನಿಸುವುದು ಇಲ್ಲಿಯೇ. ನಿಜ ಏನೆಂದರೆ ಫೋನು ಅಗ್ಗ ಆಗಿಲ್ಲ. ಕಾಂಟ್ರಾಕ್ಟ್ ಇಲ್ಲದೆ ಕೊಡಿ ಅಂತ ಕೇಳಿದರೆ ಅದೇ ಫೋನಿಗೆ ಸುಮಾರು 600 ಡಾಲರ್ ಹೇಳುತ್ತಾರೆ. ಬಾಕಿ ಹಣವನ್ನು ಫೋನ್ ಕಂಪನಿ ತಾನು ಹಾಕಿ, ಎರಡು ವರ್ಷ ತಿಂಗಳು ತಿಂಗಳಿಗೆ ನಮ್ಮಿಂದ ವಸೂಲಿ ಮಾಡಿಕೊಳ್ಳುತ್ತದೆ.

ಲೆಕ್ಕ ಹಾಕೋಣ. ಐಫೋನು ಇಲ್ಲಿ ಸದ್ಯಕ್ಕೆ ಸಿಗುವುದು ಎಟಿ ಅಂಡ್ ಟಿ ಒಂದರಲ್ಲೇ. ಅದರಲ್ಲಿ ತೀರಾ ಸಣ್ಣ ಮಾತಿನ ಪ್ಲಾನ್ ತಿಂಗಳಿಗೆ 40 ಡಾಲರ್, 450 ನಿಮಿಷ. ಫೋನಿಗೆ ಇಂಟರ್‌ನೆಟ್ ಪ್ಲಾನ್ ಕಡ್ಡಾಯ. ಮೊದಲು 30 ಡಾಲರಿಗೆ ಎಷ್ಟು ಬೇಕಾದರೂ ಬಳಸಬಹುದಿತ್ತು. ಈ ಜೂನ್‌ನಿಂದ ಹೊಸಬರಿಗೆ ಅದಿಲ್ಲ. 15 ಡಾಲರಿಗೆ 200 ಎಂಬಿ, ಇಲ್ಲವೇ 25ಕ್ಕೆ 2 ಜಿಬಿ. ಎಸ್ಸೆಮ್ಮೆಸ್ಸಿಗೆ ಇನ್ನೊಂದು 5 ಡಾಲರ್. ಎಲ್ಲ ಸೇರಿ ಎಷ್ಟೇ ಕೈ ಬಿಗಿಹಿಡಿದರೂ ತಿಂಗಳಿಗೆ 60. ಇಪ್ಪತ್ತನಾಲ್ಕು ತಿಂಗಳಿಗೆ 1440. ಅದಕ್ಕೆ ಫೋನಿನ 199 ಸೇರಿಸಿದರೆ 1639 ಡಾಲರ್. ತೆರಿಗೆ, ಆಕ್ಟಿವೇಶನ್ ಫೀ ಅಂತ ಬರುವುದು ಬೇರೆ. ಡಾಲರಿಗೆ 45 ರೂಪಾಯಿ ಹಿಡಿದರೂ ಎಪ್ಪತ್ತಮೂರು ಸಾವಿರ ದಾಟುತ್ತದೆ.

ಇಲ್ಲಿಗೆ ಬಂದು ಇಷ್ಟು ದಿನವಾದರೂ ಡಾಲರನ್ನು ರೂಪಾಯಿಗೆ ಗುಣಿಸುವ ಚಾಳಿ ಬಿಟ್ಟಿಲ್ಲವಲ್ಲ ಅಂತ ಇವರು ನಗುತ್ತಾರೆ. ನಗಲಿ ಬಿಡಿ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ಒಂದು ಟಿಕೆಟ್ಟಿನ ದುಡ್ಡು ಇದು ಅಂತ ಹೇಳಿದ ಮೇಲೆ ಅವರೂ ಕಾಗದ ಪೆನ್ನು ತಗೊಂಡು ಪಕ್ಕದಲ್ಲಿ ಕೂತರು.

ವೀಸಾಗಿಂತ ಉದ್ದದ ಕಾಂಟ್ರಾಕ್ಟು

ಇಲ್ಲೇ ಹುಟ್ಟಿ ಬೆಳೆದವರಿಗೆ ಎರಡು ವರ್ಷದ ಕರಾರು ದೊಡ್ಡ ವಿಷಯವಲ್ಲ. ಅವರು ಎರಡು ವರ್ಷ ಆದ ಮೇಲೂ ಇಲ್ಲೇ ಇರುತ್ತಾರೆ. ನಮ್ಮ ಕಥೆ ಹಾಗಲ್ಲ. ಎಚ್-1 ವೀಸಾದ ಸಂಸಾರ ಅಂದರೆ ಬಾಡಿಗೆ ಮನೆಯ ಸಾಮಾನಿದ್ದ ಹಾಗೆ, ಯಾವಾಗ ಗಾಡಿಗೆ ಏರಿಸಬೇಕಾಗುತ್ತದೋ ಗೊತ್ತಿಲ್ಲ. 2008-09ರ ಆರ್ಥಿಕ ಹಿಂಜರಿತದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್ ಒಂದರಿಂದಲೇ ಮೂರು ಕನ್ನಡದ ಕುಟುಂಬಗಳು ವಾಪಸು ಹೋದವು. ಸೋಫಾ, ಮಕ್ಕಳ ಸೈಕಲ್ಲು, ರೈಸ್ ಕುಕ್ಕರ್ ಎಲ್ಲ ಸಿಕ್ಕ ಬೆಲೆಗೆ ಮಾರಿ ಹೋದರು. ಹಿಂಜರಿತ ಮುಗಿಯಿತು ಅಂತ ಅರ್ಥಶಾಸ್ತ್ರಜ್ಞರು ಹೇಳಿಯಾಗಿದೆ. ಆದರೂ ಇಲ್ಲಿನ ನಿರುದ್ಯೋಗ ಇನ್ನೂ ಶೇಕಡಾ 9ರ ಮೇಲೆಯೇ ಇದೆ. ಇವರ ಪ್ರಾಜೆಕ್ಟು ಮಾರ್ಚ್‌ವರೆಗೆ ಗ್ಯಾರಂಟಿ. ಆಮೇಲಿನದು ಆಮೇಲೆ.

ಹೀಗಿರುವಾಗ ಕಾಂಟ್ರಾಕ್ಟನ್ನು ಅರ್ಧದಲ್ಲಿ ಮುರಿದರೆ ಏನಾಗುತ್ತದೆ? ಸಣ್ಣ ಅಕ್ಷರದಲ್ಲಿ ಅದೂ ಇದೆ. ಎಟಿ ಅಂಡ್ ಟಿಯಲ್ಲಿ ಈ ಜೂನ್‌ನಿಂದ ಸ್ಮಾರ್ಟ್‌ಫೋನಿನ ದಂಡ 325 ಡಾಲರ್. ಪೂರೈಸಿದ ಪ್ರತಿ ತಿಂಗಳಿಗೆ 10 ಡಾಲರ್ ಕಳೆಯುತ್ತಾರೆ. ಹತ್ತು ತಿಂಗಳಿಗೆ ಊರಿಗೆ ಹೊರಟರೆ 225 ಡಾಲರ್ ಕಟ್ಟಿ ಹೊರಡಬೇಕು.

‘ಹೋಗ್ಲಿ, ಫೋನಾದ್ರೂ ನಮ್ಮದಲ್ವಾ, ಬೆಂಗಳೂರಲ್ಲಿ ಬಳಸಬಹುದು’ ಅಂದರು ಇವರು. ಅದೂ ಅಷ್ಟು ಸುಲಭವಿಲ್ಲ. ಇಲ್ಲಿ ಕಾಂಟ್ರಾಕ್ಟಿನಲ್ಲಿ ಕೊಂಡ ಐಫೋನು ಆ ಕಂಪನಿಯ ಸಿಮ್‌ಗೆ ಲಾಕ್ ಆಗಿರುತ್ತದೆ. ಏರ್‌ಟೆಲ್ ಸಿಮ್ ಹಾಕಿದರೆ ಒಪ್ಪುವುದಿಲ್ಲ. ಜೊತೆಗೆ ಐಫೋನ್ 4ಕ್ಕೆ ಬೇಕಾದದ್ದು ಮಾಮೂಲಿಗಿಂತ ಚಿಕ್ಕದಾದ ಮೈಕ್ರೋ ಸಿಮ್. ಲಾಕ್ ಬಿಡಿಸುವುದು ಕಾನೂನಿಗೆ ವಿರುದ್ಧವಲ್ಲ ಅಂತ ಈ ಜುಲೈನಲ್ಲಿ ಇಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಹೇಳಿದೆ. ಆದರೆ ಹಾಗೆ ಬಿಡಿಸಿದ ಫೋನಿಗೆ ವಾರಂಟಿಯ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ವೆರಿಝಾನ್, ಸ್ಪ್ರಿಂಟ್ ಫೋನುಗಳದ್ದು ಇನ್ನೊಂದು ತಾಪತ್ರಯ. ಅವು ಸಿಡಿಎಂಎ ಜಾತಿಯವು, ಹೆಚ್ಚಿನವಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ. ಊರಿಗೆ ಒಯ್ದರೆ ಫೋಟೋ ನೋಡಲಿಕ್ಕೆ, ಹಾಡು ಕೇಳಲಿಕ್ಕೆ ಆದೀತು ಅಷ್ಟೇ. ‘ಬರುವಾಗ ಒಂದು ಫೋನ್ ತಗೊಂಡ್ ಬಾರೋ’ ಅಂತ ಭಾವಮೈದುನ ಕೇಳಿದಾಗ ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ರಜಕ್ಕೆ ಊರಿಗೆ ಹೋಗುವಾಗ ಇಲ್ಲಿನ ಸಿಮ್ ಇರುವ ಫೋನು ತೆಗೆದುಕೊಂಡು ಹೋಗುವವರು ಡೇಟಾ ರೋಮಿಂಗ್ ಆಫ್ ಮಾಡುವುದನ್ನು ಮರೆಯಬೇಡಿ. ಪ್ಯಾಕೇಜ್ ಹಾಕಿಸದೆ ಬಳಸಿದರೆ ಒಂದು ಕೆಬಿಗೆ ಸುಮಾರು ಎರಡು ಸೆಂಟ್ ಲೆಕ್ಕ. ಕೇಳಲಿಕ್ಕೆ ಎರಡೇ ಸೆಂಟ್. ಒಂದು ಎಂಬಿಗೆ ಅದು 20 ಡಾಲರ್ ಆಗುತ್ತದೆ. ಫೋನು ತನ್ನ ಪಾಡಿಗೆ ಮೇಲ್ ನೋಡುತ್ತಾ, ಯಾರೋ ಕಳಿಸಿದ ಎರಡು ಎಂಬಿಯ ನಾಮಕರಣದ ಫೋಟೋ ಇಳಿಸಿಕೊಂಡರೆ 40 ಡಾಲರ್!

ಅಮ್ಮನ ಮುಖ ಕಾಣುತ್ತದಾ?

ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಈ ವಿಷಯ ಹೇಳಿದೆ. ‘ಅದ್ರಲ್ಲಿ ಪಾಪುವಿನ ಮುಖ ಕಾಣ್ತದಾ?’ ಅಂತ ಮೊದಲು ಕೇಳಿದ್ದು ಅದನ್ನೇ.

ಪರದೇಶದಲ್ಲಿರುವ ನಮಗೆ ಇದೇ ದೊಡ್ಡ ಆಸೆ. ಐಫೋನ್ 4ರ ಜಾಹೀರಾತಿನಲ್ಲಿ ಅಜ್ಜ ಅಜ್ಜಿ ಮೊಮ್ಮಗುವನ್ನು ನೋಡಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ನಮ್ಮ ಗಂಟಲೂ ಕಟ್ಟುತ್ತದೆ. ಆದರೆ ಅದರ ಫೇಸ್‌ಟೈಮ್ ನಡೆಯಬೇಕಾದರೆ ಆ ಕಡೆಯವರ ಹತ್ತಿರವೂ ಆಪಲ್ ಕಂಪನಿಯ ಹೊಸ ಸಾಧನವೇ ಇರಬೇಕು, ಎರಡೂ ಕಡೆ ವೈ-ಫೈ ಇರಬೇಕು. ಐಫೋನ್ 4 ಭಾರತದಲ್ಲಿ ಇನ್ನೂ ಬಿಡುಗಡೆಯೇ ಆಗಿಲ್ಲ. ಸ್ಕೈಪ್ ಐಫೋನಿನಲ್ಲಿ ಮಾತಿಗೆ ಸಿಗುತ್ತದೆ, ಮುಖ ನೋಡುವ ಸೌಕರ್ಯ ಇನ್ನೂ ಇಲ್ಲ. ಅಮ್ಮನ ಮುಖ ನೋಡಲು ಸದ್ಯಕ್ಕೆ ನಮಗಿರುವ ದಾರಿ ಮೊದಲಿನದೇ. ನಮ್ಮ ಕಡೆ ಲ್ಯಾಪ್‌ಟಾಪು, ಅವರ ಕಡೆ ತಮ್ಮನ ಕಂಪ್ಯೂಟರು, ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡು. ಜೊತೆಗೆ ಕರೆಂಟು ಇರಲಪ್ಪಾ ಅಂತ ಒಂದು ಪ್ರಾರ್ಥನೆ.

ಬರೀ ಮಾತಿಗಾದರೆ ಮೊಬೈಲಿನ ಹಂಗೇ ಬೇಡ. ವಾನೇಜ್ ವರ್ಲ್ಡ್ ಅಂತ ಹೋದ ವರ್ಷ ಆಗಸ್ಟ್‌ನಲ್ಲಿ ಶುರುವಾದ ಪ್ಲಾನ್ ಈಗ ಇಲ್ಲಿನ ಬಹಳಷ್ಟು ಭಾರತೀಯರ ಮನೆಯಲ್ಲಿದೆ. ತಿಂಗಳಿಗೆ 25 ಡಾಲರ್ ಮತ್ತು ತೆರಿಗೆ. ಊರಿನ ಲ್ಯಾಂಡ್‌ಲೈನಿಗಾಗಲಿ ಮೊಬೈಲಿಗಾಗಲಿ ಎಷ್ಟು ಹೊತ್ತು ಬೇಕಾದರೂ ಮಾತು. ಅಮ್ಮ ಸಾರಿಗೆ ಒಗ್ಗರಣೆ ಹಾಕಿ ಬರುವ ತನಕ ಫೋನು ಹಿಡಿದು ಕಾಯಬಹುದು, ಗಡಿಯಾರ ನೋಡುವ ಕೆಲಸವಿಲ್ಲ. ಕಾಲಿಂಗ್ ಕಾರ್ಡಿನ ಹಿಂದಿನ ಬೂದು ಬಣ್ಣ ಕೆರೆದು, ಹತ್ತು ಹನ್ನೆರಡು ಅಂಕಿ ಒತ್ತಿ ಮಾತಾಡುತ್ತಿದ್ದವರಿಗೆ ಇದರ ಬೆಲೆ ಗೊತ್ತು. ಅದಕ್ಕೇ ‘ಊರಿಗೆ ಮಾತಾಡೋಕೆ’ ಅನ್ನುವ ಕಾರಣವನ್ನು ನನ್ನ ಪಟ್ಟಿಯಿಂದ ಹೊಡೆದುಹಾಕಿದೆ.

ಕನ್ನಡ ಅಂದರೆ ಚೌಕ ಚೌಕ

ಎರಡನೇ ಆಸೆ ಓದುವುದು. ಮಗುವನ್ನು ಲೈಬ್ರರಿಯ ಕಥೆ ಹೇಳುವ ಕ್ಲಾಸಿಗೆ ಬಿಟ್ಟು ಕಾಯುವ ಮುಕ್ಕಾಲು ಗಂಟೆಯಲ್ಲಿ ಒಂದಿಷ್ಟು ಕನ್ನಡ ಓದಬಹುದಲ್ಲ ಅಂತ. ಅಂಗಡಿಗೆ ಹೋಗಿ ಒಂದು ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಪುಟವೊಂದನ್ನು ತೆರೆದು ನೋಡಿದೆ. ಪುಟದ ತುಂಬ ಖಾಲಿ ಚೌಕಗಳು, ಹುಳು ತಿಂದ ಪುಸ್ತಕದ ಹಾಗೆ. ಫೋನಿನಲ್ಲಿ ಕನ್ನಡದ ಅಕ್ಷರವನ್ನೇ ಇಟ್ಟಿಲ್ಲ.

ಇದಕ್ಕೆ ಒಂದು ಉಪಾಯ ಇದೆ. ಒಪೆರಾ ಮಿನಿ ಅನ್ನುವ ಉಚಿತ ಬ್ರೌಸರ್ ಹಾಕಿಕೊಂಡು, ಅದರ ಒಳಗಿನ ‘ಕಾನ್ಫಿಗ್’ ಪುಟದಲ್ಲಿ ಕಷ್ಟದ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎನ್ನುವ ಸಾಲಿಗೆ ‘ಯೆಸ್’ ಕೊಡಬೇಕು. ಆಗ ಅಕ್ಷರಗಳು ಚಿತ್ರದ ರೂಪದಲ್ಲಿ ಬರುತ್ತವೆ, ಒತ್ತಕ್ಷರ ಕೂಡ ಸರಿಯಾಗಿ ಕಾಣುತ್ತದೆ. ಪುಟ ತುಸು ನಿಧಾನ, ಡೇಟಾ ತುಸು ಜಾಸ್ತಿ. ಅಂದರೆ ಓದಲು ಆಗುತ್ತದೆ, ಆದರೆ ಸಾವಿರಾರು ಡಾಲರ್ ತೆತ್ತು ಕೊಳ್ಳುವ ಫೋನಿನಲ್ಲಿ ನಮ್ಮ ಭಾಷೆಯನ್ನು ಹಿಂಬಾಗಿಲಿನಿಂದ ಕರೆತರಬೇಕು.

ಹಾಗಾದರೆ ಅದರಿಂದ ಏನು ಉಪಯೋಗ?

ಇಷ್ಟು ಬೈದ ಮೇಲೆ ಒಳ್ಳೆಯದನ್ನೂ ಹೇಳಬೇಕು. ನನ್ನ ಮಟ್ಟಿಗೆ ದೊಡ್ಡ ಉಪಯೋಗ ದಾರಿ.

ನಾನು ಕಾರು ಕಲಿತು ಎಂಟು ತಿಂಗಳು. ಊರಲ್ಲಾದರೆ ಗಾಜು ಇಳಿಸಿ ‘ಅಣ್ಣಾ, ಗಾಂಧಿ ಬಜಾರಿಗೆ ಯಾವ ಕಡೆ?’ ಅಂತ ಕೇಳಬಹುದು. ಇಲ್ಲಿನ ಹೈವೇಯಲ್ಲಿ ಕೇಳಲು ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಒಂದು ಎಕ್ಸಿಟ್ ತಪ್ಪಿದರೆ ಮುಂದಿನದು ಎಷ್ಟೋ ಮೈಲಿ ಆಚೆ. ನಮ್ಮ ಕಾರಿನ ಜಿಪಿಎಸ್ ಪೆಟ್ಟಿಗೆ ಹಳೆಯದು, ಹೊಸ ರಸ್ತೆಗಳು ಅದಕ್ಕೆ ಗೊತ್ತಿಲ್ಲ. ಅದು ಇವರ ಜೊತೆ ಆಫೀಸಿಗೆ ಹೋಗಿರುತ್ತದೆ ಬೇರೆ. ಆಂಡ್ರಾಯ್ಡ್ ಫೋನುಗಳಲ್ಲಿ ಹೋದ ವರ್ಷದ ಕೊನೆಯಿಂದ ಗೂಗಲ್ ಮ್ಯಾಪಿನ ನ್ಯಾವಿಗೇಶನ್ ಉಚಿತವಾಗಿ ಬಂದಿದೆ. ‘ಮುಂದೆ ಬಲಕ್ಕೆ ತಿರುಗಿ’ ಅಂತ ಅದೇ ಮಾತಾಡಿ ದಾರಿ ಹೇಳುತ್ತದೆ. ಐಫೋನಿನಲ್ಲಿ ನಕ್ಷೆ ಇದೆ, ಆದರೆ ಹೀಗೆ ಮಾತಾಡಿ ದಾರಿ ತೋರಿಸುವುದಕ್ಕೆ ಬೇರೆ ಆ್ಯಪ್ ಹಾಕಿಕೊಳ್ಳಬೇಕು. ಒಂದು ಮಾತು: ಫೋನನ್ನು ಕೈಯಲ್ಲಿ ಹಿಡಿದು ಕಾರು ಓಡಿಸಿದರೆ ನ್ಯೂಜೆರ್ಸಿಯಲ್ಲಿ 100 ಡಾಲರ್ ದಂಡ. ಗಾಜಿಗೆ ಅಂಟಿಸುವ ಸ್ಟ್ಯಾಂಡಿಗೂ ಬಜೆಟ್ಟಿನಲ್ಲಿ ಜಾಗ ಇಡಿ.

ಇನ್ನು ಟಚ್ ಸ್ಕ್ರೀನಿನ ಬಗ್ಗೆ ಅಂಗಡಿಯವರು ಹೇಳದ ಎರಡು ಮಾತು. ಈ ಹೊಸ ಫೋನುಗಳ ಪರದೆ ಒತ್ತಿದ್ದರಿಂದ ಕೆಲಸ ಮಾಡುವುದಿಲ್ಲ. ಬೆರಳಿನ ಚರ್ಮ ತಾಗಿದಾಗ ಆಗುವ ಸಣ್ಣ ವಿದ್ಯುತ್ ವ್ಯತ್ಯಾಸವನ್ನು ಗುರುತಿಸಿ ಕೆಲಸ ಮಾಡುತ್ತದೆ. ಆದ್ದರಿಂದ ಉಗುರಿನಿಂದ ತಟ್ಟಿದರೆ ಅದಕ್ಕೆ ಗೊತ್ತಾಗುವುದಿಲ್ಲ, ಉಣ್ಣೆಯ ಗ್ಲೌಸ್ ಹಾಕಿಕೊಂಡು ತಟ್ಟಿದರೂ ಗೊತ್ತಾಗುವುದಿಲ್ಲ. ಜನವರಿಯ ಹಿಮದಲ್ಲಿ ಬಸ್ ಸ್ಟಾಪಿನಲ್ಲಿ ನಿಂತಾಗ ಫೋನು ಬಂತು ಅನ್ನಿ. ಗ್ಲೌಸ್ ಕಳಚಬೇಕು, ಆಮೇಲೆ ‘ಹಲೋ’. ಚಪಾತಿ ಹಿಟ್ಟು ಕಲಸುವಾಗ ಬಂದರಂತೂ ಕೇಳಲೇಬೇಡಿ. ನನ್ನ ಹಳೆ ಫೋನಾದರೆ ಮೊಣಕೈಯಲ್ಲಿ ತೆರೆದರೂ ಮಾತಾಡುತ್ತದೆ!

ಕಾಂಟ್ರಾಕ್ಟ್ ಇಲ್ಲದ ದಾರಿಗಳು

ಫೋನು ಬೇಕೋ ಬೇಡವೋ ಅಂತ ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಲೆಕ್ಕ ಹಾಕುತ್ತಾ ಹೋದ ಹಾಗೆ, ಭಾರ ಇರುವುದು ಫೋನಿನಲ್ಲಲ್ಲ, ಎರಡು ವರ್ಷದ ಮುಚ್ಚಳಿಕೆಯಲ್ಲಿ ಅನ್ನಿಸಿತು. ಅದನ್ನು ಬಿಟ್ಟು ಹುಡುಕಿದಾಗ ಎರಡು ದಾರಿ ಸಿಕ್ಕವು.

ಒಂದು, ಈ ಸೆಪ್ಟೆಂಬರಿನಲ್ಲಿ ಬಂದ ಹೊಸ ಐಪಾಡ್ ಟಚ್. 229 ಡಾಲರ್. ನೋಡಲು ಐಫೋನಿನ ತಂಗಿಯ ಹಾಗಿದೆ. ಕ್ಯಾಮೆರಾ ಇದೆ, ಆ್ಯಪ್‌ಗಳಿವೆ, ಫೇಸ್‌ಟೈಮ್ ಕೂಡ ಇದೆ. ಫೋನು ಮಾತ್ರ ಇಲ್ಲ, ಮನೆಯ ವೈ-ಫೈ ದಾಟಿದರೆ ಇಂಟರ್‌ನೆಟ್ಟೂ ಇಲ್ಲ. ತಿಂಗಳ ಬಿಲ್ಲು ಸೊನ್ನೆ. ಮಾತಿಗೆ ನನ್ನ ಹಳೆಯ ಪ್ರೀಪೇಯ್ಡ್ ಇದ್ದೇ ಇದೆ. ಟಿ-ಮೊಬೈಲಿನಲ್ಲಿ 100 ಡಾಲರ್ ಹಾಕಿಸಿದರೆ 1000 ನಿಮಿಷ, ಒಂದು ವರ್ಷ ನಡೆಯುತ್ತದೆ. ಎರಡು ವರ್ಷಕ್ಕೆ ಎಲ್ಲ ಸೇರಿ 429 ಡಾಲರ್. ಹೆಚ್ಚು ಹೊತ್ತು ಮನೆಯಲ್ಲೇ ಇರುವವರಿಗೆ, ಹಾಡು, ಮಕ್ಕಳ ಆಟ, ಮೇಲ್ ಸಾಕು ಅನ್ನುವವರಿಗೆ ಇದಕ್ಕಿಂತ ಅಗ್ಗದ ಟಚ್ ಸ್ಕ್ರೀನ್ ಸುಖ ಇಲ್ಲ.

ಎರಡು, ಪ್ರೀಪೇಯ್ಡ್ ಆಂಡ್ರಾಯ್ಡ್. ವರ್ಜಿನ್ ಮೊಬೈಲಿನವರು ಸ್ಯಾಮ್ಸಂಗ್ ಇಂಟರ್ಸೆಪ್ಟ್ ಎಂಬ ಫೋನನ್ನು 250 ಡಾಲರಿಗೆ ಕೊಡುತ್ತಿದ್ದಾರೆ. ತಿಂಗಳಿಗೆ 25 ಡಾಲರ್. 300 ನಿಮಿಷ ಮಾತು, ಎಸ್ಸೆಮ್ಮೆಸ್ಸು ಮತ್ತು ಇಂಟರ್‌ನೆಟ್ ಬೇಕಾದಷ್ಟು. ಎರಡು ವರ್ಷ ಪೂರ್ತಿ ಬಳಸಿದರೂ 850 ಡಾಲರ್, ಮೊದಲಿನ ಲೆಕ್ಕದ ಹೆಚ್ಚುಕಡಿಮೆ ಅರ್ಧ. ನಡುವೆ ಊರಿಗೆ ಹೊರಟರೆ ಮುಂದಿನ ತಿಂಗಳ ದುಡ್ಡು ಹಾಕದಿದ್ದರೆ ಆಯಿತು. ಐಫೋನಿನ ಮುಂದೆ ಇಟ್ಟರೆ ಪರದೆ ಚಿಕ್ಕದು, ಆ ನಯವೂ ಇಲ್ಲ. ಸ್ಪ್ರಿಂಟ್ ಜಾಲದಲ್ಲಿ ನಡೆಯುವುದರಿಂದ ಊರಲ್ಲಿ ಫೋನಾಗಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ದಾರಿ ಹೇಳುತ್ತದೆ, ಕನ್ನಡವನ್ನು ಒಪೆರಾ ಮಿನಿಯಲ್ಲಿ ಓದಿಸುತ್ತದೆ.

ಇದರಲ್ಲಿ ಇನ್ನೊಂದು ವಿಷಯ ಇದೆ, ನನ್ನಂತೆ ಎಚ್-4 ವೀಸಾದಲ್ಲಿ ಬಂದ ಹೆಣ್ಣುಮಕ್ಕಳಿಗೆ ಥಟ್ಟನೆ ಅರ್ಥವಾಗುವಂಥದ್ದು. ನಮಗೆ ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ಕೆಲಸವಿಲ್ಲ ಅಂದರೆ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲ. ಆ ನಂಬರ್ ಇಲ್ಲ ಅಂದರೆ ಕ್ರೆಡಿಟ್ ಹಿಸ್ಟರಿ ಇಲ್ಲ. ಫೋನಿನ ಕಾಂಟ್ರಾಕ್ಟ್ ಕೇಳಲು ಹೋದರೆ ‘ಗಂಡನನ್ನು ಕರಕೊಂಡು ಬನ್ನಿ’ ಅನ್ನುತ್ತಾರೆ, ಇಲ್ಲವೇ ನೂರಾರು ಡಾಲರ್ ಠೇವಣಿ ಕೇಳುತ್ತಾರೆ. ಮನೆ ಬಾಡಿಗೆ, ಕರೆಂಟು, ಕಾರು ಎಲ್ಲವೂ ಇವರ ಹೆಸರಿನಲ್ಲಿ. ಊರಿನಲ್ಲಿ ಆರು ವರ್ಷ ಪಾಠ ಹೇಳಿ, ನನ್ನ ಸಂಬಳದಲ್ಲಿ ನಾನು ಕೊಂಡ ಫೋನು ಬಳಸಿದವಳು ನಾನು. ಪ್ರೀಪೇಯ್ಡ್‌ಗೆ ಯಾರ ಸಹಿಯೂ ಬೇಡ. ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ನನ್ನ ಹೆಸರಿನಲ್ಲಿ ತರಬಹುದು. 25 ಡಾಲರಿನಲ್ಲಿ ಇದೂ ಸಿಗುತ್ತದೆ ಅಂತ ಯಾವ ಜಾಹೀರಾತಿನಲ್ಲೂ ಬರೆದಿಲ್ಲ.

ಕೊನೆಗೆ ಏನು ತೀರ್ಮಾನ?

ನಿಮ್ಮ ಮನೆಯ ಲೆಕ್ಕ ನಮ್ಮದರಂತೆಯೇ ಇರಬೇಕೆಂದಿಲ್ಲ. ಗ್ರೀನ್ ಕಾರ್ಡ್ ಬಂದು ನೆಲೆ ನಿಂತವರು, ವಾರಕ್ಕೊಂದು ಊರು ತಿರುಗುವ ಕನ್ಸಲ್ಟೆಂಟುಗಳು ಕಾಂಟ್ರಾಕ್ಟ್ ಹಾಕಿ ಒಳ್ಳೆಯ ಫೋನನ್ನೇ ಕೊಳ್ಳಲಿ, ಅವರಿಗೆ ದುಡಿಯುತ್ತದೆ. ಐಫೋನು ವೆರಿಝಾನಿಗೂ ಬರುತ್ತದಂತೆ ಎಂಬ ಗುಸುಗುಸು ಜೋರಾಗಿದೆ, ಅವಸರವಿಲ್ಲದವರು ಸ್ವಲ್ಪ ಕಾದರೂ ನಷ್ಟವಿಲ್ಲ. ಬಾಣಂತನಕ್ಕೆಂದು ಆರು ತಿಂಗಳು ಬಂದಿರುವ ಅಪ್ಪ ಅಮ್ಮನಿಗೆ ದೊಡ್ಡ ಗುಂಡಿಗಳಿರುವ ಮಾಮೂಲಿ ಪ್ರೀಪೇಯ್ಡ್ ಫೋನು ಸಾಕು. ಎಷ್ಟು ದಿನ ಇರುತ್ತೇವೋ ಗೊತ್ತಿಲ್ಲದ ನಮ್ಮಂಥವರು ಮಾತ್ರ ‘ಫ್ರೀ’ ಅನ್ನುವ ಪದ ಕಂಡ ಕೂಡಲೇ ಅದನ್ನು ಇಪ್ಪತ್ತನಾಲ್ಕರಿಂದ ಗುಣಿಸಿ ನೋಡಬೇಕು.

ನಾನು ಪ್ರೀಪೇಯ್ಡ್ ಆಂಡ್ರಾಯ್ಡ್ ತಗೊಳ್ಳುತ್ತಿದ್ದೇನೆ. ಇವರಿಗೆ ಹೇಳಿದೆ. ‘ಐಫೋನೇ ತಗೋಬಹುದಿತ್ತಲ್ಲೇ, ಎಲ್ಲರ ಹತ್ರಾನೂ ಇದೆ’ ಅಂದರು. ‘ನಿಮ್ಮ ಪ್ರಾಜೆಕ್ಟು ಎರಡು ವರ್ಷ ಅಂತ ಬರೆದುಕೊಡ್ತಾರೇನ್ರೀ?’ ಅಂದೆ. ಆ ವಿಷಯ ಅಲ್ಲಿಗೆ ಮುಗಿಯಿತು. ಅಮ್ಮನಿಗೂ ಹೇಳಿದೆ. ‘ಮುಖ ಕಾಣದ ಮೇಲೆ ಅಷ್ಟು ದುಡ್ಡು ಎಂತಕ್ಕೆ ಮಾರಾಯ್ತಿ? ಹೋಗ್ಲಿ, ದಾರಿ ತಪ್ಪದ ಹಾಗೆ ಮನೆಗೆ ಬರ್ತೀಯಲ್ಲ, ತಗೋ’ ಅಂತ ಅವಳ ಒಪ್ಪಿಗೆಯೂ ಸಿಕ್ಕಿತು.

ಹೊರದೇಶದಲ್ಲಿರುವ ಓದುಗರೇ, ನಿಮ್ಮ ಕಡೆ ಹೇಗೆ? ಲಂಡನ್ನಿನಲ್ಲಿ, ಸಿಂಗಪುರದಲ್ಲಿ, ದುಬೈಯಲ್ಲಿ ಫೋನಿಗೆ ಹೀಗೇ ಕಟ್ಟಿಹಾಕುತ್ತಾರಾ? ಫೋನಿನಲ್ಲಿ ಕನ್ನಡ ಓದಲು ಬೇರೆ ಸುಲಭದ ದಾರಿ ಯಾರಿಗಾದರೂ ಗೊತ್ತಿದೆಯಾ? ಬರೆದು ತಿಳಿಸಿ. ಗ್ಲೌಸ್ ಹಾಕಿಕೊಂಡೇ ಫೋನ್ ಎತ್ತುವ ಉಪಾಯ ಗೊತ್ತಿದ್ದವರು ಚಳಿಗಾಲ ಜೋರಾಗುವ ಮೊದಲೇ ಬರೆದರೆ ಉಪಕಾರವಾಗುತ್ತದೆ.